ಪಾತ್ರೆಯ ತಳದ ಅನ್ನ

ಎಲ್ಯಾದ್ ಅಣ್ಣಾ,

ನೀನು ಓದುವುದಿಲ್ಲವೆಂದು ಗೊತ್ತು, ಆದರೂ ಹೇಳಿಯೇ ತೀರುತ್ತೇನೆ. ಯುದ್ಧದಲ್ಲಿ ಒಡಹುಟ್ಟಿದವರನ್ನು ಕಳೆದುಕೊಂಡ ನಮ್ಮಂಥವರನ್ನು ಬ್ಯೂನಸ್ ಐರಿಸ್‌ನ ಯಹೂದಿಗಳು ಇಸ್ರೇಲಿನಿಂದ ಕರೆಸಿ, ತಮ್ಮ ಮನೆಗಳಲ್ಲೇ ಇಟ್ಟುಕೊಂಡಿದ್ದಾರೆ. ಒಳ್ಳೆಯ ಜನ. ಆದರೆ ಮೊನ್ನೆ ಶುಕ್ರವಾರದ ಸಬ್ಬತ್ ಊಟಕ್ಕೆ ನನ್ನ ಮನೆಯೊಡತಿ ಎಸ್ತ್ರೆಯಾ ಅಜ್ಜಿ ಮೇಜಿನ ತುದಿಗೆ ಒಂದು ಖಾಲಿ ಕುರ್ಚಿ ಹಾಕಿ, ಅದರ ಮೇಲೆ ಸಮವಸ್ತ್ರದಲ್ಲಿರುವ ನಿನ್ನ ಫೋಟೋ ಇಟ್ಟಿದ್ದರು. ಬಂದ ನೆಂಟರೆಲ್ಲ ನಾನು ಯಾವಾಗ ಅಳುತ್ತೇನೋ ಎಂದು ಕಾಯುತ್ತಿದ್ದರು.

ನಾನು ಫೋಟೋ ಎತ್ತಿಕೊಂಡು ಎದ್ದೆ.

“ಎಲ್ಲಿಗಮ್ಮಾ?” ಅಂದರು ಅಜ್ಜಿ.

“ಅಡುಗೆಮನೆಗೆ. ನಮ್ಮಣ್ಣ ಯಾವತ್ತಾದ್ರೂ ಕೂತು ಊಟ ಮಾಡಿದ್ನಾ? ಪ್ರಾರ್ಥನೆ ಮುಗಿಯೋ ಮುಂಚೆನೇ ಪಾತ್ರೆಗೆ ಕೈ ಹಾಕ್ತಿದ್ದ ಕಳ್ಳ ಅವ್ನು. ಹುತಾತ್ಮ ಗಿತಾತ್ಮ ಅಂತ ಅವನನ್ನ ಇಲ್ಲಿ ಕೂರಿಸ್ಬೇಡಿ.”

ಅಜ್ಜಿ ಸೌಟು ಹಿಡಿದು ನನ್ನ ಹಿಂದೆಯೇ ಬಂದರು.

“ಹಾಗಾದ್ರೆ ತಗೋ, ಪಾತ್ರೆ ಇಲ್ಲಿದೆ. ಕೆರ್ಕೊಂಡು ತಿನ್ನು.”

ತಳದಲ್ಲಿ ಗರಿಗರಿಯಾಗಿ ಅಂಟಿಕೊಂಡ ಅನ್ನ, ಅಣ್ಣಾ. ನಾವಿಬ್ಬರೂ ವಾರವಾರ ಕಿತ್ತಾಡುತ್ತಿದ್ದೆವಲ್ಲ, ಅದೇ. ನಿನ್ನ ಫೋಟೋ ಎದುರಿಗಿಟ್ಟುಕೊಂಡು ಅಷ್ಟನ್ನೂ ಬೇಕೆಂದೇ ನಿಧಾನವಾಗಿ ತಿಂದೆ. ಧೈರ್ಯವಿದ್ದರೆ ಬಂದು ಕಿತ್ತುಕೊಳ್ಳಬೇಕಿತ್ತು ನೀನು.

ಶಿರೆಲ್