ಬೆನ್ನುಗಳ ಸಿನಿಮಾ

ಬೈಲಹೊಂಗಲ
೧೭ ಜುಲೈ ೨೦೨೫

ಪ್ರೀತಿಯ ಆಕಾಶ,

ನಿನ್ನ ಮುಸ್ತಕೀಮನ ಸಲಾಮು. ಹಳೇ ವಿಡಿಯೋಗಳನ್ನು ಹತ್ತು ದಿನದಲ್ಲಿ ಕಳಿಸುತ್ತೇನೆ ಎಂದವನು ತಿಂಗಳು ಕಳೆದೆ, ನಿನ್ನ ಫೋನೂ ಎತ್ತಲಿಲ್ಲ. ತಪ್ಪಾಯಿತು. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿತ್ತು ಎನ್ನುವುದು ಅರ್ಧ ನಿಜ. ಉಳಿದರ್ಧಕ್ಕೆ ಕಾಗದವೇ ಬೇಕಾಯಿತು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಡುವೆಯೇ ನಿಲ್ಲಿಸಿಬಿಡುತ್ತಿದ್ದೆ.

ಮೊದಲು ನಿನ್ನ ಕಾಲೇಜಿನ ಸಿನಿಮಾ. ಹಳೇ ವಿಡಿಯೋಗಳಿಂದ ಕ್ಯಾಮೆರಾಕ್ಕೆ ಬೆನ್ನು ಮಾಡಿದವರನ್ನಷ್ಟೇ ಆರಿಸಿ ಜೋಡಿಸುತ್ತೇನೆ, ಕಥೆ ಇಲ್ಲ, ಮಾತಿಲ್ಲ ಎಂದಿದ್ದೆಯಲ್ಲ, ಅದನ್ನು ನಾನು ಕೆಲಸ ಮಾಡುವ ಸ್ಟುಡಿಯೋದ ನಾಸಿರ ಮಾಮೂಗೆ ಹೇಳಿದೆ. "ಮಾರಿ ಚಂದ ಕಾಣ್ಲಿ ಅಂತ ಮಂದಿ ನನ್ನ ಜೀವಾ ತಿಂತಾರ, ನಿನ್ನ ದೋಸ್ತಗ ಬೆನ್ನ ಬೇಕಂತ! ನೀ ಸಾಲಿ ಬಿಟ್ಟಾಂವ, ಅವ ಬುದ್ಧಿ ಬಿಟ್ಟಾಂವ" ಎಂದು ನಕ್ಕರು. ಆದರೂ ಕಪಾಟಿನ ಕೀಲಿ ಕೊಟ್ಟರು. ಕಿತ್ತೂರಿನ ಮದುವೆಯೊಂದರಲ್ಲಿ ಅಳುವ ಮದುಮಗಳನ್ನು ಬಿಟ್ಟು ಊಟಕ್ಕೆ ಓಡುವ ಬೆನ್ನುಗಳಿವೆ. ಸಿನಿಮಾ ಅಲ್ಲಿಂದಲೇ ಶುರು ಮಾಡು.

ಕೊನೆಯ ಕ್ಯಾಸೆಟ್ಟು ನಮ್ಮೂರ ಶಾಲೆಯದು. ೨೦೧೪ರ ಜನವರಿ ಇಪ್ಪತ್ತಾರು. ಬಿಸಿಯೂಟದ ಬೇಳೆ ಚೀಲ ಕಳುವಾದ ದಿನ. ಹಿತ್ತಲ ಬಾಗಿಲಿನಿಂದ ಅದನ್ನು ಒಯ್ದವಳು ನಿನ್ನವ್ವ ಸತ್ಯವ್ವ ಎಂದು ಎಲ್ಲರೆದುರು ಹೇಳಿದವನು ನಾನು. ಮರುದಿನವೇ ಶಾಲೆಯಲ್ಲಿ ಅವಳ ಅಡುಗೆ ಕೆಲಸ ಹೋಯಿತು. ಆಗ ನೀನು ನನಗಂದದ್ದು ಇನ್ನೂ ನೆನಪಿದೆ: "ನೀ ಕಂಡದ್ದ ಹೇಳೀದಿ. ಅವ್ವ ಒಯ್ದಿಲ್ಲ ಅಂತಾಳ. ನಾ ಇಬ್ಬರನ್ನೂ ನಂಬತೇನಿ."

ಬೆನ್ನು ಹುಡುಕುತ್ತ ಕೂತವನಿಗೆ ಅದೇ ಬೆನ್ನು ಸಿಕ್ಕಿತು. ಧ್ವಜಕ್ಕೆ ಎಲ್ಲರೂ ವಂದಿಸುತ್ತಿದ್ದಾರೆ. ಮೂಲೆಯಲ್ಲಿ ನೇರಳೆ ಸೀರೆಯವಳು ಬಗಲಲ್ಲಿ ಚೀಲ ಹಿಡಿದು ಅಡುಗೆ ಕೋಣೆಯ ಹಿತ್ತಲ ಬಾಗಿಲಿನಿಂದ ಹೊರಟಿದ್ದಾಳೆ. ಅದೇ ಚಿತ್ರದಲ್ಲಿ, ಧ್ವಜದ ಕಂಬದ ಪಕ್ಕ, ನೇರಳೆ ಸೀರೆಯಲ್ಲೇ ನಿನ್ನವ್ವ ನಿಂತಿದ್ದಾಳೆ! ಕೈಯಲ್ಲಿದ್ದ ಚಹಾ ಕೀಬೋರ್ಡಿನ ಮೇಲೆ ಚೆಲ್ಲಿತು. ಮಹಿಳಾ ಸಂಘದವರೆಲ್ಲ ಅವತ್ತು ಒಂದೇ ನಮೂನೆಯ ಸೀರೆ ಉಟ್ಟಿದ್ದರು. ನಾನು ಸೀರೆ ನೋಡಿ ಹೆಸರು ಹೇಳಿದ್ದೆ, ಮುಖ ನೋಡಿರಲಿಲ್ಲ. ಹನ್ನೊಂದು ವರ್ಷ ಕಣ್ಣಾರೆ ಕಂಡೆ ಎಂದೇ ಹೇಳಿಕೊಂಡು ತಿರುಗಿದೆ.

ನಿನ್ನೆ ನಿನ್ನವ್ವನ ಮುಂದೆ ಕೂತು ಎಲ್ಲ ಹೇಳಿದೆ. ಅವಳು ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಅಕಿ ಮಾರಿ ಕಂಡೈತೇನೋ ತಮ್ಮಾ?"

"ಕಂಡೈತ್ರಿ ಅತ್ತಿ."

"ಹಂಗಾರ ನನಗ ಹೇಳಬ್ಯಾಡ. ನಾಳೆ ನಳದ ಮುಂದ ಅಕಿ ಬಾಜೂಕನ ಕೊಡಾ ಇಡಬೇಕು ನಾ."

ನನಗೆ ಬೈದಿದ್ದರೆ ಚೆನ್ನಾಗಿತ್ತು. ಒಂದು ಹಿಡಿ ಶೇಂಗಾ ಕೈಗಿಟ್ಟಳು.

ನೀನು ಬೈ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಸಿನಿಮಾ ನೀನು ಅಂದುಕೊಂಡ ಹಾಗೆಯೇ ಆಗಲಿ ಎಂದು ದುವಾ ಮಾಡುತ್ತೇನೆ.

ನಿನ್ನ
ಮುಸ್ತಕೀಮ

ತಾ.ಕ.: ಇದು ಮರೆತು ಉಳಿದ ಮಾತಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಹೊಸ್ತಿಲು ದಾಟುವಾಗ ಆ ಚೀಲ ಹಿಡಿದವಳು ಹಿಂತಿರುಗಿ ನೋಡುತ್ತಾಳೆ. ನನ್ನ ಅಮ್ಮಿ. ಕಾಶಿಂಬಿ.

ಅಮ್ಮಿಗೆ ತೋರಿಸಿದೆ. "ನಿಮ್ಮ ಅಬ್ಬಾ ಹಾಸಿಗಿ ಹಿಡದಿದ್ರು, ಮನ್ಯಾಗ ಏನೂ ಇರಲಿಲ್ಲ" ಎಂದಳು. ಅವತ್ತು ಬಾಯಿ ಯಾಕೆ ಬಿಡಲಿಲ್ಲ ಎಂದು ಕೇಳಿದೆ. "ಹೇಳಾಕಂತನ ಸಾಲಿಗೆ ಬಂದಿದ್ದೆ. ಎಲ್ಲಾರೂ 'ಕಾಶಿಂಬಿ ಮಗಾ ಸುಳ್ಳ ಹೇಳಂಗಿಲ್ಲ' ಅನ್ನಾಕ ಹತ್ತಿದ್ರು. ನೀ ಎದಿ ಎತ್ತಿ ನಿಂತಿದ್ದಿ. ನಿನ್ನ ಹ್ಯಾಂಗ ಸುಳ್ಳ ಮಾಡ್ಲಿ?"

ಆ ತುಣುಕನ್ನು ಅಳಿಸಲು ಎರಡು ಸಲ ಹೋದೆ, ಅದೂ ನಿನಗೆ ಗೊತ್ತಿರಲಿ. ಅಳಿಸಿಲ್ಲ. ಈ ಕಾಗದದ ಜೊತೆಗಿಟ್ಟ ಪೆನ್‌ಡ್ರೈವ್‌ನಲ್ಲಿ ಕೊನೆಯದು ಅದೇ. ಸಿನಿಮಾಕ್ಕೆ ಹಾಕುವುದಾದರೆ ಅಮ್ಮಿ ತಿರುಗಿ ಮುಖ ಕಾಣುವವರೆಗೂ ಹಾಕು.