ಬಾಗಿಲು ಬಂದ ಜೀಪು

೧೩-೮-೧೯೬೫, ಶುಕ್ರವಾರ

ದುಗ್ಗಮ್ಮ ಇವತ್ತು ಜೀಪು ಹತ್ತಲಿಲ್ಲ. ಊಟಕ್ಕೆ ಕೂತರೂ ಅದೇ ಯೋಚನೆ, ಮಲಗಹೋದರೂ ಅದೇ.

ಶಿವಮೊಗ್ಗದಲ್ಲಿ ನಮ್ಮ ತೆರೆದ ಜೀಪಿಗೆ ತಗಡಿನ ಬಾಡಿ ಕಟ್ಟಿಸಿ, ಬಾಗಿಲು, ಗಾಜು, ಮೆತ್ತನೆಯ ಸೀಟು ಹಾಕಿಸಿ ತಂದು ವಾರವಾಯಿತು. ಮಗಳನ್ನು ನೋಡಲು ಬರುವವರ ಕಣ್ಣಿಗೆ ಕಾರಿನ ಹಾಗೆ ಕಾಣಬೇಕೆಂದು ನನ್ನ ಹೆಂಡತಿಯ ಹಟ. ನನಗೂ ಬೇಡವೆನಿಸಿರಲಿಲ್ಲ. ಹೊಸನಗರದ ಕಡೆ ಜೀಪುಗಳೆಲ್ಲ ಈಗ ಇದೇ ವೇಷ ಹಾಕುತ್ತಿವೆ.

ದುಗ್ಗಮ್ಮ ಹುಂಚದ ತಿರುವಿನಲ್ಲಿ ಸಿಕ್ಕಿದಳು. ನಮ್ಮ ಗದ್ದೆ ಕೆಲಸದವಳು; ಜ್ವರದ ಮೊಮ್ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಆಸ್ಪತ್ರೆಗೆ ನಡೆಯುತ್ತಿದ್ದಳು. ಮೊದಲಾದರೆ ಜೀಪು ನಿಧಾನವಾದರೆ ಸಾಕು, ಯಾರನ್ನೂ ಕೇಳದೆ ಹಿಂದಿನಿಂದ ಹತ್ತಿ, ಗೊಬ್ಬರದ ಮೂಟೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದವಳು. ಇವತ್ತು ನಾನೇ ಇಳಿದು ಬಾಗಿಲು ತೆಗೆದೆ. ಅವಳು ಸೀಟು ನೋಡಿದಳು, ಭತ್ತದ ನಟ್ಟಿಯ ಕೆಸರು ಮೆತ್ತಿದ ತನ್ನ ಕಾಲು ನೋಡಿಕೊಂಡಳು.

"ಬ್ಯಾಡ ಅಯ್ಯ, ಕಾರು ಕೆಸರಾಗ್ತದೆ."

"ಕಾರಲ್ಲ ಮಾರಾಯ್ತಿ, ಅದೇ ಜೀಪು. ಹತ್ತು."

"ಜೀಪಿಗೆ ಬಾಗ್ಲು ಎಲ್ಲಿತ್ತು ಅಯ್ಯ?" ಎಂದು ಮಗುವಿನ ತಲೆಗೆ ಸೆರಗು ಮುಚ್ಚಿ ನಡೆದೇಬಿಟ್ಟಳು.

ಮನಸ್ಸು ತಡೆಯದೆ ಅವಳ ಹಿಂದೆಯೇ ಮೆಲ್ಲಗೆ ಬಿಟ್ಟೆ. ಅವಳು ರಸ್ತೆಯಂಚಿಗೆ ಸರಿದು, ತಲೆ ತಗ್ಗಿಸಿ, ನನಗೆ ದಾರಿ ಬಿಟ್ಟು ನಿಂತಳು.

ಹಳ್ಳ ದಾಟುತ್ತಿದ್ದ ಅದೇ ಚಕ್ರ, ಗುಡ್ಡ ಹತ್ತುತ್ತಿದ್ದ ಅದೇ ಇಂಜಿನು. ಆದರೂ ಅವಳ ಪಾಲಿಗೆ ಆ ಜೀಪು ಇಲ್ಲವಾಯಿತು. ಇನ್ನು ಬಾಗಿಲು ಕಿತ್ತೆಸೆದರೂ ಅವಳು ಹತ್ತಲಾರಳು.

ಈಗಷ್ಟೇ ಲಾಟೀನು ಹಿಡಿದು ಹೋಗಿ ನೋಡಿಬಂದೆ. ಹಿಂದಿನ ಸೀಟಿನ ಮೇಲೆ ಒಂದು ಚೂರೂ ಕೆಸರಿಲ್ಲ. ಆ ಮಗು ಆಸ್ಪತ್ರೆ ಮುಟ್ಟಿತೋ ಇಲ್ಲವೋ ಗೊತ್ತಿಲ್ಲ.