ಕೆಂಪಿ ಬುಟ್ಟಿಯಡಿ ಇದ್ದಾಳೆ

ಮಾರ್ಚ್ ೧೪, ಭಾನುವಾರ ಬೆಳಿಗ್ಗೆ

ನನ್ನ ಜೊತೆಗಾತಿಗೆ,

ಹೇಗಿದ್ದೀಯೆ? ಮಂಡಿನೋವು ಕಡಿಮೆಯಾಯಿತೇ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಕೆಲಸವಿತ್ತು ಅಂತ ಸುಳ್ಳು ಹೇಳಲಾರೆ. ಕೈ ಏಳಲಿಲ್ಲ. ಬೈದುಕೋ.

ಕೆಲಸ ಹೋದ ನನ್ನ ಮಗಳ ಮನಸ್ಸು ಹಗುರಾಗಲಿ ಅಂತ ನೀನು ಕೊಟ್ಟುಕಳಿಸಿದ ಮೂರು ಎಳೆ ಹೇಟೆ ಕೋಳಿಗಳ ಸುದ್ದಿ ಕೇಳಿದ್ದೀಯೆ. ಹಿತ್ತಲ ಗೂಡಿನ ನಡುವೆ ತಂತಿ ಜಾಲರಿ ಕಟ್ಟಿ, ಈ ಕಡೆ ನನ್ನ ಐದು ಹಳೆ ಹೇಟೆಗಳನ್ನು, ಆ ಕಡೆ ಈ ಮೂರನ್ನು ಬಿಟ್ಟೆ. ಮೂರು ವಾರ ಮುಖ ನೋಡಿಕೊಂಡಿರಲಿ, ಆಮೇಲೆ ಜಾಲರಿ ಬಿಚ್ಚು ಅಂದಿದ್ದಳು ಮೊಟ್ಟೆ ಅಂಗಡಿಯಾಕೆ. ನಾನು ಒಂದೇ ವಾರಕ್ಕೆ ಬಿಚ್ಚಿದೆ. ಹಳೆ ಹೇಟೆಗಳಲ್ಲಿ ಹಿರಿಯಳಾದ ಕೆಂಪಿಯ ಮೇಲೆ ಅಷ್ಟು ನಂಬಿಕೆ! ಆರು ವರ್ಷ ನನ್ನ ಅಂಗೈಯಿಂದ ಕಾಳು ತಿಂದವಳು, ಅವಳಿದ್ದ ಮೇಲೆ ಹೊಸಬರಿಗೇನು ಭಯ ಅಂದುಕೊಂಡೆ.

ಮೊದಲು ಕುಕ್ಕಿದ್ದೇ ಅವಳು. ಕಾಳಿನ ತಟ್ಟೆಗೆ ಬಂದ ಹೊಸ ಬೂದು ಹೇಟೆ, ನಮ್ಮ ಬೂದಿಯ ನೆತ್ತಿ ಒಡೆಯಿತು. ರಕ್ತ ಕಂಡದ್ದೇ ತಡ, ಉಳಿದ ನಾಲ್ಕೂ ಮುಗಿಬಿದ್ದವು. ಮಗಳು ಓಡಿಬಂದು ಬೂದಿಯನ್ನು ಎದೆಗವಚಿಕೊಂಡು, "ಅಮ್ಮಾ, ನಮ್ ಲೈನಲ್ಲೂ ಹೀಗೇ ಇತ್ತು" ಅಂದಳು.

ಗಾರ್ಮೆಂಟ್ ಕಾರ್ಖಾನೆಯಲ್ಲಿ ನೀನೂ ನಾನೂ ಅಕ್ಕಪಕ್ಕ ಹದಿನೆಂಟು ವರ್ಷ ಕಾಲರ್ ಹೊಲಿದ ಲೈನು ಅದು. ಕಣ್ಣು ಮಂಜಾಗಿ ನಾನು ಬಿಟ್ಟ ಮಿಷನ್ನಿಗೆ ಮಗಳು ಕೂತಳು. ಹಳಬರು ಅವಳ ದಾರದ ಬಾಬಿನ್ ಬಚ್ಚಿಟ್ಟರು. ಅಳತೆ ಅದಲುಬದಲು ಮಾಡಿ ತಪ್ಪನ್ನು ಅವಳ ತಲೆಗೆ ಕಟ್ಟಿದರು. ದೂರು ಕೊಟ್ಟರೆ, ಆಫೀಸಿನವರು ವಿಚಾರಣೆ ಮಾಡಿದ ಶಾಸ್ತ್ರ ಮುಗಿಸಿ ಅವಳನ್ನೇ ಹೊರಹಾಕಿದರು. "ನಾ ನೋಡ್ಕೋತೀನಿ ಬಿಡೇ, ಅವಳು ನಂಗೂ ಮಗಳೇ" ಅಂದಿದ್ದೆ ನೀನು, ಅವಳು ಸೇರಿದ ದಿನ, ಅದೇ ಲೈನಲ್ಲಿ ಕೂತು.

ನಾನೂ ಕಾರ್ಖಾನೆಯ ಬುದ್ಧಿಯನ್ನೇ ತೋರಿಸಿದೆ. ಪೆಟ್ಟು ತಿಂದ ಬೂದಿಯನ್ನೇ ನಾಲ್ಕು ದಿನ ಬುಟ್ಟಿಯಡಿ ಮುಚ್ಚಿಟ್ಟೆ. ವಾಪಸ್ ಬಿಟ್ಟರೆ ಇನ್ನೂ ಜೋರು ಕುಕ್ಕಾಟ. ಅಂಗಡಿಯಾಕೆ ಹಣೆ ಚಚ್ಚಿಕೊಂಡಳು:

"ಅಯ್ಯೋ ನಿನ್ ತಲೆಗಿಷ್ಟು! ಪೆಟ್ಟು ತಿಂದೋಳ್ನ ಯಾಕಮ್ಮ ಜೈಲಿಗೆ ಹಾಕ್ದೆ? ಹೊಡೆದೋಳ್ನ ತೆಗೆದಿಡು. ನಾಲ್ಕು ದಿನ ಬಿಟ್ಟು ಒಳಗೆ ಬಿಡು, ಆಗ ಅವಳೇ ಹೊಸಬಳಾಗಿರ್ತಾಳೆ. ಕೊಬ್ಬು ಇಳಿಯುತ್ತೆ."

ಇಷ್ಟೇ! ಗೇಟಿನ ಮುಂದೆ ಗಂಟಲು ಹರಿಯುವಂತೆ ಘೋಷಣೆ ಕೂಗಿದ ನಮಗೆ ಇದು ಹೊಳೆಯಲಿಲ್ಲ ನೋಡು. ಮಾಲೀಕನತ್ತ ಮುಷ್ಟಿ ಎತ್ತಿದೆವು, ಮಗ್ಗುಲಲ್ಲಿ ಕೂತವಳ ಕೊಕ್ಕು ನೋಡಲಿಲ್ಲ.

ಈಗ ಕೆಂಪಿ ಬುಟ್ಟಿಯಡಿ ಇದ್ದಾಳೆ. ನನ್ನ ದನಿ ಕೇಳಿದರೆ ಸಾಕು, ಬಿಡು ಬಿಡು ಅಂತ ರಂಪ ಮಾಡುತ್ತಾಳೆ. ಸಂದಿಯಿಂದ ಕಾಳು ತೂರಿಸುತ್ತೇನೆ, ಬುಟ್ಟಿ ಮಾತ್ರ ತೆಗೆಯುವುದಿಲ್ಲ. ಬೂದಿ ಇವತ್ತು ತಟ್ಟೆಯ ನಟ್ಟನಡುವೆ ನಿಂತು ತಿಂದಳು.

ನಿನ್ನ ಮಂಡಿ ವಾಸಿಯಾಗಲಿ. ನಿನ್ನ ಮೊಮ್ಮಗಳು ಯಾರೆದುರೂ ತಲೆ ತಗ್ಗಿಸದೆ ಬೆಳೆಯಲಿ, ಅವಳನ್ನು ಯಾರೂ ಕುಕ್ಕದಿರಲಿ.

ಇಂತಿ,
ಪಕ್ಕದ ಮಿಷನ್ನಿನವಳು

ಇಷ್ಟು ಹೊತ್ತು ತಡೆದಿಟ್ಟ ಮಾತು: ಮೇಲ್ಮನವಿಗೆ ಬೇಕೆಂದು ವಿಚಾರಣೆಯ ಕಾಗದಗಳ ನಕಲು ತರಿಸಿದೆ. "ಹುಡುಗಿ ಜಗಳಗಂಟಿ, ನಾನೇ ಕಣ್ಣಾರೆ ಕಂಡಿದ್ದೇನೆ" ಅಂತ ಒಂದು ಸಾಕ್ಷಿ ಹೇಳಿಕೆಯಲ್ಲಿ ಬರೆದಿದೆ. ಕೆಳಗಿನ ಮೊದಲ ಸಹಿ ನಿನ್ನದು. ಕೊನೆಯ ಅಕ್ಷರಕ್ಕೆ ಬಾಲ ಎಳೆಯುತ್ತೀಯಲ್ಲ, ಹಾಗೇ ಇದೆ. ಕಾರ್ಮಿಕ ಸಂಘದ ಚೀಟಿಗೆ ಹೆಬ್ಬೆಟ್ಟು ಒತ್ತಬೇಡ ಕಣೇ ಅಂತ, ಊಟದ ಬಿಡುವಿನಲ್ಲಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಹಿಡಿಸಿ ಆ ಅಕ್ಷರ ತಿದ್ದಿಸಿದ್ದು ನಾನು. ಮಗಳಿಗೆ ಇನ್ನೂ ತೋರಿಸಿಲ್ಲ. ನಮ್ಮ ಪರ ಸಾಕ್ಷಿಗೆ ನಿನ್ನನ್ನೇ ಕರೆಯೋಣ ಅನ್ನುತ್ತಿದ್ದಾಳೆ. ಮಾರ್ಚ್ ೨೨, ಸೋಮವಾರ ಹತ್ತು ಗಂಟೆಗೆ ಮೇಲ್ಮನವಿಯ ವಿಚಾರಣೆ. ಬಂದು ಅದೇ ಕೈಯಿಂದ ನಿಜ ಬರೆದುಕೊಡು. ಬರದಿದ್ದರೆ ಹನ್ನೊಂದು ಗಂಟೆಗೆ ಆ ಕಾಗದವನ್ನು ಅವಳ ಮುಂದೆ ನಾನೇ ಓದುತ್ತೇನೆ, ನಿನ್ನ ಸಹಿಯ ಸಮೇತ.